ನೆತ್ತಿಯಲ್ಲಿ ಬೆವರುಗ್ರಂಥಿಯ ಗಂಟು: ಪತ್ತೆ ಮಾಡುವುದು ಹೇಗೆ?

ಎಕ್ರೈನ್ ಪೊರೋಮಾ ಬೆವರುನಾಳದಿಂದ ಹುಟ್ಟುವ ಅಪರೂಪದ ಗಂಟು, ಕ್ಯಾನ್ಸರ್ ಅಲ್ಲ. 1956ರಲ್ಲಿ ವೈದ್ಯರು ಇದನ್ನು ಮೊದಲು ವಿವರಿಸಿದಾಗಿನಿಂದ ಅಂಗಾಲು, ಅಂಗೈಯೇ ಇದರ ನೆಲೆ ಎಂಬುದು ರೂಢಿ. ಹಾಗಾಗಿ ನೆತ್ತಿಯಲ್ಲೋ ಕುತ್ತಿಗೆಯ ಹಿಂದೆಯೋ ಮೂಡಿದರೆ ಇದರ ನೆನಪೇ ಆಗುವುದಿಲ್ಲ. ಕಾರವಾರ, ಅಂಕೋಲೆಯಲ್ಲಿ ಮೀನುಬುಟ್ಟಿ ಹೊರುವ ಮಹಿಳೆಯ ನೆತ್ತಿಯ ಗಂಟಿನಿಂದ ರಕ್ತ ಜಿನುಗಿದರೆ, ಸಿಂಬೆ ಉಜ್ಜಿ ಗಾಯವಾಗಿದೆ ಎಂದುಕೊಳ್ಳುವುದು ಸಹಜ.

ಮೊದಲು ಗಂಟು ಯಾವಾಗ ಬಂತು, ಬೆಳೆಯುತ್ತಿದೆಯೇ, ತಾಗಿದರೆ ರಕ್ತ ಬರುತ್ತದೆಯೇ ಎಂದು ಬರೆದಿಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ನರಹುಲಿ ಎಂದು ಸುಣ್ಣ ಹಚ್ಚುವುದು, ಕೂದಲು ಬಿಗಿದು ಕಟ್ಟುವುದು ಬೇಡವೇ ಬೇಡ.

ನಂತರ ಚರ್ಮರೋಗ ತಜ್ಞರನ್ನು ಕಾಣಿ. ಡರ್ಮೋಸ್ಕೋಪ್ ಎಂಬ ಭೂತಗನ್ನಡಿಯಲ್ಲಿ ಸುರುಳಿ ಸುತ್ತಿದ ಅಥವಾ ಎಲೆ, ಹೂವಿನ ಆಕಾರದ ರಕ್ತನಾಳಗಳು ಕಾಣಬಹುದು. ಅಷ್ಟರಿಂದಲೇ ತೀರ್ಮಾನಿಸಲಾಗದು. ಬೇಸಲ್ ಸೆಲ್ ಕಾರ್ಸಿನೋಮಾ, ಬಣ್ಣವಿಲ್ಲದ ಮೆಲನೋಮಾದಂತಹ ಕ್ಯಾನ್ಸರ್‌ಗಳೂ ಹೀಗೆಯೇ ಕೆಂಪು ಗಂಟಾಗಿ ಬರುತ್ತವೆ.

ಆದ್ದರಿಂದ ಬಯಾಪ್ಸಿ, ಅಂದರೆ ಗಂಟಿನ ತುಂಡು ತೆಗೆದು ಪರೀಕ್ಷಿಸುವುದು, ಆಗಲೇಬೇಕು. ಪರೀಕ್ಷೆ ಮಾಡಿಸದೆ ಗಂಟನ್ನು ಸುಟ್ಟು ತೆಗೆಸಿಕೊಳ್ಳಬೇಡಿ. ಸುಟ್ಟುಹೋದ ಮಾಂಸದಿಂದ ಯಾರೂ ಉತ್ತರ ಪಡೆಯಲಾರರು. ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ತೆಗೆದ ತುಂಡು ತಕ್ಷಣ ಅದನ್ನು ಕೆಡದಂತೆ ಕಾಪಾಡುವ 10 ಪ್ರತಿಶತ ಫಾರ್ಮಲಿನ್ ದ್ರವಕ್ಕೆ ಹೋಗಬೇಕು, ತುಂಡಿನ ಗಾತ್ರದ ಹತ್ತು ಪಟ್ಟಾದರೂ ದ್ರವ ಇರಬೇಕು. ನೀರು, ಸಲೈನ್ ಸಲ್ಲದು. ಎಷ್ಟೋ ಸಲ ಬಾಟಲಿ ಹಿಡಿದು ಘಟ್ಟ ಹತ್ತಿ ಹುಬ್ಬಳ್ಳಿಯ ಪ್ರಯೋಗಾಲಯಕ್ಕೆ ಹೋಗುವವರು ಮನೆಯವರೇ. ಮುಚ್ಚಳ ಬಿಗಿಯಾಗಿದೆಯೇ, ಹೆಸರು ಬರೆದಿದೆಯೇ ನೋಡಿಕೊಳ್ಳಿ. ಚೀಟಿಯಲ್ಲಿ ‘ತಲೆ’ ಎಂದಷ್ಟೇ ಬೇಡ. ನೆತ್ತಿಯ ಯಾವ ಭಾಗ, ಎಷ್ಟು ಕಾಲದಿಂದ ಎಂಬುದೂ ಇರಲಿ.

ಗಂಟು ಪೊರೋಮಾ ಆಗಿದ್ದರೆ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದೇ ತೆರನಾದ ಸಣ್ಣ ಜೀವಕೋಶಗಳು ಹೊರಚರ್ಮದಿಂದ ಪಟ್ಟಿಪಟ್ಟಿಯಾಗಿ ಒಳಕ್ಕೆ ಇಳಿದಿರುತ್ತವೆ, ನಡುವೆ ಕಿರುನಾಳಗಳಿರುತ್ತವೆ. ಸಂಶಯವಿದ್ದರೆ ಆ ನಾಳಗಳನ್ನು ಎದ್ದು ತೋರಿಸುವ ಸಿಇಎ, ಇಎಂಎ ಪರೀಕ್ಷೆಗಳಿವೆ. ಕೋಶಗಳು ಅಂಕೆ ತಪ್ಪಿ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ್ದರೆ ಅದು ಪೊರೋಕಾರ್ಸಿನೋಮಾ ಎಂಬ ಕ್ಯಾನ್ಸರ್. ವಿರಳವಾಗಿ ಹಳೆಯ ಪೊರೋಮಾ ಹಾಗೆ ಬದಲಾಗುವುದುಂಟು.

ಚಿಕಿತ್ಸೆ ಎಂದರೆ ಗಂಟನ್ನು ಪೂರ್ತಿ ಕತ್ತರಿಸಿ ತೆಗೆಯುವುದು. ಅಂಚಿನಲ್ಲಿ ಗಂಟಿನ ಕೋಶ ಉಳಿದಿಲ್ಲವೆಂದು ವರದಿಯಲ್ಲಿ ಇದೆಯೇ ಎಂದು ವೈದ್ಯರನ್ನು ಕೇಳಿ. ವರದಿಯನ್ನು ಜೋಪಾನ ಮಾಡಿ. ಅದೇ ಜಾಗದಲ್ಲಿ ಮತ್ತೆ ಗಂಟು ಬಂದರೆ, ಹಳೆಯ ತುಂಡಿನ ಗಾಜಿನ ಸ್ಲೈಡ್‌ಗಳನ್ನು ಪ್ರಯೋಗಾಲಯದಿಂದ ತರಿಸಿ ಹೊಸದರ ಜೊತೆಗೆ ನೋಡಲು ಹೇಳಿ.