ಅರ್ಧ ತಂಡ ಪ್ರತಿ ವರ್ಷ ಹೊರಟುಹೋಗುತ್ತದೆ

ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಕೋಚ್‌ಗೆ ಒಬ್ಬ ಒಳ್ಳೆ ಆಟಗಾರ್ತಿ ಸಿಕ್ಕರೆ ಏಳೆಂಟು ವರ್ಷ ಆಡಿಸಬಹುದು. ಕಾಲೇಜಿನಲ್ಲಿ ನಮಗೆ ಸಿಗುವುದು ಮೂರೇ ವರ್ಷ. ಮೊದಲ ವರ್ಷ ಬಾಲು ಹಿಡಿಯುವುದು, ಕಾಲು ನಿಲ್ಲಿಸುವುದು ಕಲಿಸುವುದರಲ್ಲೇ ಕಳೆಯುತ್ತದೆ. ಮೂರನೇ ವರ್ಷದಲ್ಲಿ ಅರ್ಧ ಭಾಗವನ್ನು ‘ಮೇಡಂ, ಬಿ.ಇಡಿ ಅರ್ಜಿ ಹಾಕಬೇಕು’, ‘ಮೇಡಂ, ಭಾನುವಾರ ಗಂಡಿನ ಕಡೆಯವರು ಬರ್ತಿದಾರೆ’ ತಿಂದುಹಾಕುತ್ತವೆ. ಮಧ್ಯದಲ್ಲಿ ಉಳಿಯುವ ಒಂದೂವರೆ ವರ್ಷದಲ್ಲಿ ತಂಡ ಕಟ್ಟಬೇಕು, ಕಟ್ಟಿದ್ದು ಮುಂದಿನ ವರ್ಷಕ್ಕೆ ಕರಗಿರುತ್ತದೆ.

ಹಳೇ ಮೈಸೂರು ಭಾಗದ ಒಂದು ಅನುದಾನಿತ ಮಹಿಳಾ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ (ಪಿ.ಡಿ.). ನಮ್ಮ ತಂಡ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಹಲವು ಸಲ ಗೆದ್ದಿದೆ, ಹುಡುಗಿಯರು ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗಿ ದಕ್ಷಿಣ ವಲಯದ ಪಂದ್ಯಾವಳಿಗೂ ಹೋಗಿಬಂದಿದ್ದಾರೆ. ಹೊಸದಾಗಿ ಸೇರಿದ ಪಿ.ಡಿ.ಗಳು ‘ನಿಮಗೆ ಎಲ್ಲಿಂದ ಸಿಗ್ತಾರೆ ಮೇಡಂ ಪ್ಲೇಯರ್ಸ್?’ ಅಂತ ಕೇಳುತ್ತಾರೆ. ನಮಗೂ ಸಿಗುವುದಿಲ್ಲ. ಹೈಸ್ಕೂಲಿನಿಂದಲೇ ಬ್ಯಾಸ್ಕೆಟ್‌ಬಾಲ್ ಆಡಿದವರು ಬೆಂಗಳೂರು, ಮೈಸೂರಿನ ದೊಡ್ಡ ಕಾಲೇಜುಗಳಿಗೆ ಹೋಗುತ್ತಾರೆ. ನಮ್ಮಲ್ಲಿಗೆ ಬರುವುದು ಖೋಖೋ ಮತ್ತು ಥ್ರೋಬಾಲ್ ಹುಡುಗಿಯರು.

ಅದನ್ನೇ ಬಂಡವಾಳ ಮಾಡಿಕೊಂಡೆ. ಖೋಖೋ ಆಡಿದವಳಿಗೆ ತಗ್ಗಿ ಓಡುವುದು, ಒಮ್ಮೆಲೇ ದಿಕ್ಕು ಬದಲಿಸುವುದು ಹೇಳಿಕೊಡಬೇಕಿಲ್ಲ. ಡಿಫೆನ್ಸಿಗೆ ಬೇಕಾದ ಕಾಲು ಅವಳಿಗೆ ಆಗಲೇ ಇದೆ. ಥ್ರೋಬಾಲಿನಲ್ಲಿ ಬಾಲನ್ನು ಎರಡೂ ಕೈಯಲ್ಲಿ ಹಿಡಿದು ಮೂರು ಸೆಕೆಂಡಿನೊಳಗೆ ಎಸೆಯಬೇಕು. ಹಾಗಾಗಿ ಆ ಹುಡುಗಿಯರ ಕೈ ಗಟ್ಟಿ, ಪಾಸು ಬೇಗ. ಡ್ರಿಬಲ್, ಅಂದರೆ ಬಾಲನ್ನು ನೆಲಕ್ಕೆ ಪುಟಿಸುತ್ತಾ ಓಡುವುದು, ಮಾತ್ರ ಸೊನ್ನೆ. ಮೊದಲ ತಿಂಗಳು ಅವರಿಗೆ ಡ್ರಿಬಲ್ ಮಾಡಲು ಬಿಡುವುದೇ ಇಲ್ಲ, ಬರೀ ಪಾಸಿನಲ್ಲೇ ಆಟ ಆಡಿಸುತ್ತೇನೆ. ಡ್ರಿಬಲ್ ಗೀಳು ಹತ್ತಿದ ನಗರದ ತಂಡಗಳು ಪಾಸಾಡುವ ತಂಡದ ಮುಂದೆ ಪರದಾಡುವುದನ್ನು ನೋಡುವುದೇ ಒಂದು ಖುಷಿ.

ಇನ್ನು ಎತ್ತರ. ರಿಂಗು ಇರುವುದು 3.05 ಮೀಟರ್ ಮೇಲೆ. ನಮ್ಮಲ್ಲಿ ಐದು ಅಡಿ ಆರು ಅಂಗುಲದವಳು ಬಂದರೆ ಅವಳೇ ಸೆಂಟರ್, ರಿಂಗಿನ ಹತ್ತಿರ ಎತ್ತರದವರು ಆಡುವ ಜಾಗ ಅದು. ಇಂಥ ತಂಡ ಇಟ್ಟುಕೊಂಡು ಏನು ಆಡಿಸುವುದು ಅನ್ನುವ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಮೆರಿಕದ ಜಾನ್ ವುಡನ್ ಅವರಿಂದ. ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಅವರಷ್ಟು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಪುರುಷರ ತಂಡದ ಕೋಚ್ ಇನ್ನೊಬ್ಬರಿಲ್ಲ. 1964ರಿಂದ 1975ರ ನಡುವೆ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ತಂಡಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿ, ಅದರಲ್ಲಿ 1967ರಿಂದ 1973ರವರೆಗೆ ಸತತ ಏಳು. ಆದರೆ ಅವರು ಅಲ್ಲಿ ಕೆಲಸಕ್ಕೆ ಸೇರಿದ್ದು 1948ರಲ್ಲಿ! ಮೊದಲ ಪ್ರಶಸ್ತಿ ಬಂದದ್ದು ಹದಿನಾರನೇ ಸೀಸನ್‌ನಲ್ಲಿ. ಪ್ರತಿ ಸಲ ಸೋತಾಗಲೂ ಮ್ಯಾನೇಜ್‌ಮೆಂಟಿನವರು ‘ಏನ್ ಮೇಡಂ ಈ ವರ್ಷ?’ ಅಂದರೆ ನನಗೆ ನೆನಪಾಗುವುದು ಆ ಹದಿನಾರು.

ಎಲ್ಲರೂ ಹೇಳುವುದು ಅವರ ಕೈಕೆಳಗೆ ಆಡಿದ ಏಳಡಿ ಎತ್ತರದ ಅಲ್ಸಿಂಡರ್ ವಿಷಯ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಆದವರು. ನನಗೆ ಬೇಕಾಗಿದ್ದು ಅದಕ್ಕೂ ಹಿಂದಿನ 1964ರ ತಂಡ. ಆರು ಅಡಿ ಐದು ಅಂಗುಲಕ್ಕಿಂತ ಎತ್ತರದ ಒಬ್ಬನೂ ಅದರ ಮೊದಲ ಐವರಲ್ಲಿ ಇರಲಿಲ್ಲ. ಅಲ್ಲಿನ ಲೆಕ್ಕಕ್ಕೆ ಅದು ಕುಳ್ಳರ ತಂಡ. ಆದರೂ ಆಡಿದ ಮೂವತ್ತು ಪಂದ್ಯಗಳನ್ನೂ ಗೆದ್ದರು. ಅವರ ಅಸ್ತ್ರ 2-2-1 ಪ್ರೆಸ್. ತಾವು ಬಾಸ್ಕೆಟ್ ಹಾಕಿದ ಕೂಡಲೇ ಹಿಂದಕ್ಕೆ ಓಡಿಬರದೆ ಎದುರಾಳಿಯ ಅಂಗಳದಲ್ಲೇ ಮುಂದೆ ಇಬ್ಬರು, ಅವರ ಹಿಂದೆ ಇಬ್ಬರು, ಕೊನೆಗೆ ಒಬ್ಬರು ನಿಲ್ಲುವುದು. ಬಾಲು ತರುವವಳನ್ನು ನಡುವಿನಲ್ಲಿ ಬಿಡದೆ ಸೈಡ್‌ಲೈನಿನ ಕಡೆ ತಳ್ಳುತ್ತಾ ಹೋಗಿ, ಮೂಲೆಯಲ್ಲಿ ಇಬ್ಬರು ಸೇರಿ ಮುಚ್ಚುವುದು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫೀಬಾದ ಈಗಿನ ನಿಯಮದಲ್ಲಿ ಎಂಟು ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಬೇಕು. ಆ ಗಡಿಯಾರ ನಮ್ಮ ಆರನೇ ಆಟಗಾರ್ತಿ.

ಪ್ರೆಸ್ ಅಂದರೆ ಬಾಲು ಕಸಿಯುವುದು ಅಂತ ಹುಡುಗಿಯರು ಮೊದಲು ಅಂದುಕೊಳ್ಳುತ್ತಾರೆ, ಕೈ ಬೀಸುತ್ತಾರೆ, ಫೌಲಾಗುತ್ತದೆ. ಒಂದು ಕ್ವಾರ್ಟರಿನಲ್ಲಿ ತಂಡದ ಐದನೇ ಫೌಲಿನಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದೆ ರಿಂಗಿಗೆ ಎಸೆಯುವ ಅವಕಾಶ. ಆದ್ದರಿಂದ ಅಭ್ಯಾಸದಲ್ಲಿ ಪ್ರೆಸ್ ಆಡುವವರ ಕೈಗೆ ಒಂದೊಂದು ಟವೆಲ್ ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಬೆನ್ನ ಹಿಂದೆ ಇಟ್ಟುಕೊಳ್ಳಲು ಹೇಳುತ್ತೇನೆ. ಕಾಲಿನಲ್ಲೇ ದಾರಿ ಮುಚ್ಚಬೇಕು. ಬಾಲು ಸಿಗದಿದ್ದರೂ ಚಿಂತೆಯಿಲ್ಲ, ಎದುರಾಳಿ ಅವಸರಕ್ಕೆ ಬಿದ್ದರೆ ಸಾಕು. ಮೂರನೇ ಕ್ವಾರ್ಟರ್ ಹೊತ್ತಿಗೆ ಎತ್ತರದ ಹುಡುಗಿಯರು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರಲ್ಲ, ಪಂದ್ಯ ಅಲ್ಲಿಂದ ನಮ್ಮದು. ಇದಕ್ಕೆ ಹತ್ತು ಜನ ಆಡುವಂತಿರಬೇಕು, ಐದು ಜನರ ತಂಡದಿಂದ ಆಗದು.

ಅಭ್ಯಾಸಕ್ಕೆ ಹೊತ್ತು ಹೊಂದಿಸುವುದು ಬೇರೆಯೇ ಕಥೆ. ಹಾಸ್ಟೆಲಿನವರು ಬೆಳಿಗ್ಗೆ ಆರಕ್ಕೆ ಸಿಗುತ್ತಾರೆ. ಹಳ್ಳಿಯಿಂದ ಬರುವವರು ಮೊದಲ ಬಸ್ಸು ಹತ್ತಿದರೂ ಕ್ಲಾಸಿನ ಹೊತ್ತಿಗಷ್ಟೇ ತಲುಪುತ್ತಾರೆ, ಸಂಜೆ ಐದರ ಬಸ್ಸು ಬಿಟ್ಟರೆ ಮನೆಯಲ್ಲಿ ರಂಪ. ಪೂರ್ತಿ ತಂಡ ಒಟ್ಟಿಗೆ ಸಿಗುವುದು ಶನಿವಾರ ಮಾತ್ರ. ಹಾಗಾಗಿ ಶನಿವಾರ ಪ್ರೆಸ್ ಮತ್ತು ಐದೈದು ಜನರ ಆಟ, ಉಳಿದ ದಿನ ಇಬ್ಬರು-ಮೂವರ ಡ್ರಿಲ್‌ಗಳು. ವುಡನ್ ಎರಡು ಗಂಟೆಯ ಅಭ್ಯಾಸಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕೂತು ಯೋಜನೆ ಹಾಕಿ, ನಿಮಿಷದ ಲೆಕ್ಕದಲ್ಲಿ ಚಿಕ್ಕ ಕಾರ್ಡಿನಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನದು ಲೈಬ್ರರಿಯ ಹಳೆ ಕಾರ್ಡುಗಳ ಹಿಂಬದಿ. ಲೇಅಪ್ (ಓಡಿಬಂದು ರಿಂಗಿನ ಹತ್ತಿರದಿಂದ ಬಾಲು ಹಾಕುವುದು) ಎಂಟು ನಿಮಿಷ, ಪಿವಟ್ (ಒಂದು ಕಾಲೂರಿ ತಿರುಗುವುದು) ಐದು, ರೀಬೌಂಡ್ (ಗುರಿ ತಪ್ಪಿ ಮರಳಿದ ಬಾಲು ಹಿಡಿಯುವುದು) ಏಳು. ಚೆನ್ನಾಗಿ ನಡೆಯುತ್ತಿದ್ದರೂ ಎಂಟು ನಿಮಿಷ ಆದಮೇಲೆ ನಿಲ್ಲಿಸಿಬಿಡುತ್ತೇನೆ. ಬಸ್ಸು ಕಾಯುವುದಿಲ್ಲ.

ಫ್ರೀ ಥ್ರೋ ಯಾವಾಗಲೂ ಕೊನೆಗೆ, ಓಡಿ ಏದುಸಿರು ಬರುವಾಗ. ತಣ್ಣಗೆ ನಿಂತು ಹತ್ತಕ್ಕೆ ಎಂಟು ಹಾಕುವವಳು ಪಂದ್ಯದಲ್ಲಿ ನಾಲ್ಕು ಹಾಕುತ್ತಾಳೆ.

ಮಾತಿನ ವಿಷಯದಲ್ಲಿ ನಾನು ಹೆಚ್ಚು ಕಲಿತೆ. ವುಡನ್ ಅವರ ಕೊನೆಯ ಸೀಸನ್‌ನಲ್ಲಿ ಥಾರ್ಪ್, ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಅಭ್ಯಾಸದಲ್ಲಿ ಕೂತು ಆಡಿದ ಮಾತುಗಳನ್ನೆಲ್ಲ ವಿಂಗಡಿಸಿ ಬರೆದಿಟ್ಟರು, ಎರಡು ಸಾವಿರಕ್ಕೂ ಮೇಲೆ. ಹೊಗಳಿಕೆ ನೂರಕ್ಕೆ ಸುಮಾರು ಏಳು, ಬೈಗುಳವೂ ಹೆಚ್ಚುಕಡಿಮೆ ಅಷ್ಟೇ. ಮಿಕ್ಕ ಬಹುಪಾಲು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಸಣ್ಣ ಸಣ್ಣ ಸೂಚನೆ. ನಮ್ಮ ಕಡೆ ಕೋಚ್ ಅಂದರೆ ಅಂಗಳದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಬೇಕು ಅನ್ನುವ ನಂಬಿಕೆ ಇದೆ. ‘ಏನಮ್ಮಾ ಇದು, ತಲೆ ಇಲ್ವಾ?’ ಅಂದರೆ ಹುಡುಗಿಗೆ ಸಿಕ್ಕ ಮಾಹಿತಿ ಏನು? ‘ಎಡಗಾಲು ಮೊದಲು’ ಅಂದರೆ ಮುಂದಿನ ಲೇಅಪ್‌ಗೆ ಕೆಲಸಕ್ಕೆ ಬರುತ್ತದೆ. ನಾನು ಮೂರು ಪದಕ್ಕಿಂತ ಉದ್ದದ ಸೂಚನೆ ಕೊಡುವುದು ಕಡಿಮೆ. ಮಾಡಿ ತೋರಿಸುತ್ತೇನೆ, ಅವಳು ಮಾಡಿದ ತಪ್ಪನ್ನೂ ಮಾಡಿ ತೋರಿಸುತ್ತೇನೆ, ಮತ್ತೆ ಸರಿಯಾದದ್ದನ್ನು.

ಅರ್ಧ ತಂಡ ಹೊರಟುಹೋಗುವ ಕಾಯಿಲೆಗೆ ಮದ್ದು ಅಂದರೆ ಮೂರನೇ ವರ್ಷದವರೇ. ಸೀಸನ್ ಮುಗಿದ ಮೇಲೂ ಅವರನ್ನು ಬಿಡುವುದಿಲ್ಲ. ಪ್ರತಿಯೊಬ್ಬಳೂ ತನ್ನ ಜಾಗಕ್ಕೆ ಬರುವ ಕಿರಿಯಳನ್ನು ತಯಾರು ಮಾಡಿ ಹೋಗಬೇಕು. ಪ್ರೆಸ್‌ನಲ್ಲಿ ಹಿಂದೆ ಒಬ್ಬಳೇ ನಿಲ್ಲುವವಳು ಯಾವಾಗ ಮುಂದೆ ಬರಬೇಕು, ಯಾವಾಗ ಬರಬಾರದು ಅನ್ನುವುದನ್ನು ಆ ಜಾಗದಲ್ಲಿ ಎರಡು ವರ್ಷ ನಿಂತವಳು ಹೇಳುವಷ್ಟು ಚೆನ್ನಾಗಿ ನನ್ನಿಂದ ಹೇಳಲಾಗದು. ಹೊಸ ಪ್ಲೇಗಳನ್ನೂ (ಮೊದಲೇ ಗೊತ್ತುಮಾಡಿಕೊಂಡ ಆಟದ ನಡೆಗಳನ್ನೂ) ಪ್ರತಿ ವರ್ಷ ತರುವುದಿಲ್ಲ. ನಾಲ್ಕೇ ಪ್ಲೇ, ಅದೇ ಹೆಸರು, ಅದೇ ಸನ್ನೆ. ಎದುರಾಳಿ ಕೋಚ್‌ಗಳಿಗೂ ಅವು ಬಾಯಿಪಾಠ. ಗೊತ್ತಿದ್ದರೂ ತಡೆಯುವುದು ಕಷ್ಟವಾಗುವಂತೆ ಆಡಿಸಿದರಾಯಿತು.

ಇಷ್ಟೆಲ್ಲ ಆದಮೇಲೂ ಕಚೇರಿ ಕೆಲಸ ಬಿಟ್ಟರೆ ತಂಡ ಬಸ್ಸು ಹತ್ತುವುದಿಲ್ಲ. ಪಂದ್ಯಾವಳಿ ಬರುವುದು ಇಂಟರ್ನಲ್ಸ್ ಪರೀಕ್ಷೆಯ ವಾರಕ್ಕೇ. ಒ.ಡಿ. (ಆನ್ ಡ್ಯೂಟಿ) ಪತ್ರಕ್ಕೆ ಮುಂಚೆಯೇ ಪ್ರಿನ್ಸಿಪಾಲರ ಸಹಿ ಹಾಕಿಸಿ ಪ್ರತಿ ವಿಭಾಗಕ್ಕೂ ಕೈಯಾರೆ ಕೊಡಿ, ಇಲ್ಲದಿದ್ದರೆ ಹಾಜರಾತಿ 75ಕ್ಕಿಂತ ಕೆಳಗಿಳಿದು ಹುಡುಗಿ ಅಳುತ್ತಾ ಬರುತ್ತಾಳೆ. ಅಪ್ಪ-ಅಮ್ಮಂದಿರನ್ನು ಕಾಲೇಜಿಗೆ ಕರೆಸುವುದಕ್ಕಿಂತ ಅವರ ಮನೆಗೇ ಹೋಗುವುದು ಒಳ್ಳೆಯದು. ‘ಮೇಡಂ, ಚಡ್ಡಿ ಹಾಕ್ಕೊಂಡು ಆಡ್ಬೇಕಾ?’ ಅಂತ ಅಜ್ಜಿ ಕೇಳುತ್ತಾರೆ. ‘ಬೇಡ ಅಜ್ಜಿ, ಒಳಗೆ ಉದ್ದದ್ದು ಹಾಕ್ಕೊಳ್ಳಲಿ’ ಅಂದರೆ ಮಾತು ಮುಗಿಯಿತು. ಅಪ್ಪ ಕೇಳುವುದು ಆಟದಿಂದ ಏನು ಸಿಗುತ್ತೆ ಅಂತ. ರೈಲ್ವೆಯ ಕ್ರೀಡಾ ಕೋಟಾ ಬಗ್ಗೆ ಹೇಳುತ್ತೇನೆ, ಸಿಕ್ಕೇ ಸಿಗುತ್ತದೆ ಅಂತ ಮಾತ್ರ ಹೇಳುವುದಿಲ್ಲ. ಅಂತರ ವಿಶ್ವವಿದ್ಯಾನಿಲಯ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಬಿ.ಪಿ.ಇಡಿ (ದೈಹಿಕ ಶಿಕ್ಷಣ ಪದವಿ) ಪ್ರವೇಶಕ್ಕೆ ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನು ಧೈರ್ಯವಾಗಿ ಹೇಳಬಹುದು. ನಮ್ಮಲ್ಲಿ ಆಡಿ ಹೋದ ಕೆಲವರು ಈಗ ಹೈಸ್ಕೂಲುಗಳಲ್ಲಿ ಪಿ.ಇ. ಟೀಚರು. ಅವರ ಶಾಲೆಯ ಅಂಗಳಗಳಲ್ಲಿ ಬ್ಯಾಸ್ಕೆಟ್‌ಬಾಲ್ ಬೋರ್ಡು ಎದ್ದಿದೆ, ಹಾಗಾಗಿ ಇತ್ತೀಚೆಗೆ ಡ್ರಿಬಲ್ ಬರುವ ಒಬ್ಬಿಬ್ಬರು ಹುಡುಗಿಯರೂ ನಮ್ಮಲ್ಲಿಗೆ ಸೇರುತ್ತಿದ್ದಾರೆ. ಅವರಿಗೂ ಮೊದಲ ತಿಂಗಳು ಡ್ರಿಬಲ್ ಇಲ್ಲ.