ಕಡಿಮೆ ದುಡ್ಡಿಗೆ ಒಳ್ಳೆ ಶಾಟ್‌ಗನ್: ಆರಿಸುವುದು ಹೇಗೆ?

ಕಡಿಮೆ ದುಡ್ಡಿಗೂ ಗಟ್ಟಿಮುಟ್ಟಾದ ಶಾಟ್‌ಗನ್ ಸಿಗುತ್ತದೆ. ಕೊಳ್ಳುವವರು ಎಡವುವುದು ಬೆಲೆಯಲ್ಲಲ್ಲ. ಯಾವ ಕೆಲಸಕ್ಕೆ ಜಾಸ್ತಿ ಬೇಕು, ತಮ್ಮ ಮೈಗೆ ಯಾವುದು ಹೊಂದುತ್ತದೆ ಅಂತ ನೋಡದೆ, ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಎತ್ತಿಕೊಂಡು ಬರುವುದರಲ್ಲಿ. ಆಮೇಲೆ ಭುಜ ನೋಯುತ್ತದೆ, ಈಡು ತಪ್ಪುತ್ತದೆ, ಕೋವಿ ಮೂಲೆ ಸೇರುತ್ತದೆ. ಹಾಗಾಗದಂತೆ ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

ಮೊದಲು ಪರವಾನಗಿ, ಆಮೇಲೆ ಕೋವಿ

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅದು ಕೋವಿಯ ಆಯ್ಕೆಯನ್ನೇ ಬದಲಿಸುತ್ತದೆ. ಬ್ರಿಟನ್ನಿನಲ್ಲಿ ಮಾಮೂಲಿ ಶಾಟ್‌ಗನ್ ಸರ್ಟಿಫಿಕೇಟಿನ ಮೇಲೆ ಕೊಳ್ಳುವ ಕೋವಿಯ ನಳಿಗೆ 24 ಇಂಚಿಗಿಂತ ಗಿಡ್ಡ ಇರುವಂತಿಲ್ಲ. ಅಮೆರಿಕದಲ್ಲಿ ಈ ಮಿತಿ 18 ಇಂಚು. ಅಲ್ಲಿ ವಲಸೆ ಹಕ್ಕಿಗಳ ಬೇಟೆಗೆ ಹೋದರೆ ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಯದಂತೆ ಬೆಣೆ ಹಾಕಿರಬೇಕು. ಬಾತು, ಹೆಬ್ಬಾತಿನ ಬೇಟೆಗೆ ಸೀಸದ ಚರೆ (ತೋಟಾದೊಳಗೆ ತುಂಬಿರುವ ಸಣ್ಣ ಗುಂಡುಗಳು) 1991ರಿಂದ ಆ ದೇಶದುದ್ದಕ್ಕೂ ನಿಷಿದ್ಧ. ಬೇಟೆಯನ್ನೇ ನಿಷೇಧಿಸಿರುವ ದೇಶಗಳೂ ಇವೆ. ಅಂಥ ಕಡೆ ಬೇಟೆಯ ಮಾತು ಬಿಟ್ಟು ಕ್ರೀಡೆಗೆ ತಕ್ಕ ಕೋವಿಯನ್ನೇ ನೋಡಬೇಕು.

ಯಾವ ಕೆಲಸಕ್ಕೆ ಜಾಸ್ತಿ?

ಬೇಟೆಗಾರ ದಿನವಿಡೀ ಕೋವಿ ಹೊತ್ತು ನಡೆಯುತ್ತಾನೆ, ಈಡು ಹೊಡೆಯುವುದು ಕೆಲವೇ. ಅವನಿಗೆ ಹಗುರವಾದದ್ದು ಬೇಕು. ಗಾಳಿಗೆ ಚಿಮ್ಮಿಸಿದ ತಟ್ಟೆಗಳನ್ನು ಹೊಡೆಯುವ ಟ್ರ್ಯಾಪ್, ಸ್ಕೀಟ್ ಆಟದವರ ಕತೆ ತದ್ವಿರುದ್ಧ. ನಡೆಯುವುದು ಕಡಿಮೆ, ಒಂದೇ ದಿನದಲ್ಲಿ ನೂರು ತೋಟಾ ಖರ್ಚಾದರೂ ಆಶ್ಚರ್ಯವಿಲ್ಲ. ಅವರಿಗೆ ಕೋವಿ ತುಸು ಭಾರವಿದ್ದಷ್ಟೂ ಒಳ್ಳೆಯದು, ಏಕೆಂದರೆ ಭಾರದ ಕೋವಿ ಕಡಿಮೆ ಒದೆಯುತ್ತದೆ. ಮನೆಯ ಕಾವಲಿಗೆ ಗಿಡ್ಡ ನಳಿಗೆ ಅನುಕೂಲ. ಅದೇ ಗಿಡ್ಡ ನಳಿಗೆ ಹಾರುವ ಗುರಿಯ ಹಿಂದೆ ನಯವಾಗಿ ತಿರುಗುವುದಿಲ್ಲ.

ಹಾಗಾಗಿ ನೂರು ಈಡಿನಲ್ಲಿ ಎಂಬತ್ತು ಎಲ್ಲಿ ಹೊಡೆಯುತ್ತೀರೋ ಆ ಕೆಲಸಕ್ಕೆ ಕೋವಿ ಆರಿಸಿ. ಉಳಿದದ್ದಕ್ಕೆ ಹೊಂದಿಸಿಕೊಳ್ಳಬಹುದು.

ಬೋರ್ ಮತ್ತು ತೋಟಾ

ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ. ಒಂದು ಪೌಂಡ್ ಸೀಸವನ್ನು 12 ಸಮನಾದ ಗುಂಡು ಮಾಡಿದರೆ ಒಂದೊಂದು ಗುಂಡೂ 12 ಬೋರಿನ ನಳಿಗೆಯಷ್ಟೇ ದಪ್ಪ ಇರುತ್ತದೆ. ಅದಕ್ಕೇ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. 12 ಬೋರಿನ ಒಳ ಅಗಲ ಸುಮಾರು 18.5 ಮಿಲಿಮೀಟರ್, 20 ಬೋರಿನದು 15.6. ಪಾಯಿಂಟ್ 410 ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಇಂಚಿನಲ್ಲಿ ಹೇಳಿದ ಅಗಲ.

ಮೊದಲ ಕೋವಿಗೆ ನನ್ನ ಸಲಹೆ 12 ಬೋರ್. ಇದರ ತೋಟಾ ಸುಲಭವಾಗಿ ಸಿಗುತ್ತದೆ. 24 ಗ್ರಾಂ ಚರೆಯ ಹಗುರ ತೋಟಾದಿಂದ ಭಾರಿ ತೋಟಾದವರೆಗೆ ಎಲ್ಲ ಬಗೆಯೂ ಇದೆ. ಸಣ್ಣ ಮೈಕಟ್ಟಿನವರು 20 ಬೋರ್ ನೋಡಬಹುದು. ಆದರೆ 20 ಬೋರಿನ ಕೋವಿಯನ್ನು ಹಗುರವಾಗಿಯೇ ಮಾಡುತ್ತಾರಾದ್ದರಿಂದ ಅದರ ಒದೆತ ಅಂದುಕೊಂಡಷ್ಟು ಕಡಿಮೆ ಇರುವುದಿಲ್ಲ. ಮಕ್ಕಳಿಗೆ, ಹೊಸಬರಿಗೆ 410 ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಚರೆ ತೀರ ಕಡಿಮೆ. ಕಲಿಯುವವರು ತಪ್ಪಿ ತಪ್ಪಿ ಬೇಸರಪಟ್ಟುಕೊಳ್ಳುತ್ತಾರೆ.

ಮನೆಯಲ್ಲಿ ಎರಡು ಬೋರಿನ ಕೋವಿ ಇದ್ದರೆ ಈ ಮಾತನ್ನು ಗಟ್ಟಿಯಾಗಿ ನೆನಪಿಡಿ. 20ರ ತೋಟಾ ಕಣ್ತಪ್ಪಿ 12ರ ನಳಿಗೆಗೆ ಬಿದ್ದರೆ ಅದು ಕೆಳಗೆ ಉದುರುವುದಿಲ್ಲ. ಒಳಗೆ ಜಾರಿ ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಇದ್ದಂತೆ ಕಾಣುತ್ತದೆ. ಅದರ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ, ಮುಂದೆ ಹಿಡಿದ ಕೈ ಹೋಗುತ್ತದೆ. 20ರ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಎರಡನ್ನೂ ಒಂದೇ ಜೇಬಿನಲ್ಲಿ ಇಡಲೇಬೇಡಿ.

ತೋಟಾದ ಉದ್ದವನ್ನೂ ನೋಡಿ. 12 ಬೋರಿನಲ್ಲಿ 70, 76, 89 ಮಿಲಿಮೀಟರ್ ಉದ್ದದವು ಬರುತ್ತವೆ. ಇದು ಹೊಡೆದ ಮೇಲೆ ತೋಟಾದ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ 76ರ ತೋಟಾ 70ರ ಕೋವಿಯಲ್ಲೂ ಕೂತುಬಿಡಬಹುದು. ಕೂತಿತು ಅಂತ ಹೊಡೆಯಬಾರದು. ಬಾಯಿ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಮಿತಿ ಮೀರುತ್ತದೆ. ನಿಮ್ಮ ಕೋವಿಗೆ ಎಷ್ಟು ಉದ್ದದ್ದು ಆಗುತ್ತದೆ ಅನ್ನುವುದು ನಳಿಗೆಯ ಮೇಲೆ ಕೊರೆದಿರುತ್ತದೆ. 89ರದ್ದು ಹೆಚ್ಚಿನವರಿಗೆ ಬೇಡವೇ ಬೇಡ. ಒದೆತವೂ ಜಾಸ್ತಿ, ಖರ್ಚೂ ಜಾಸ್ತಿ.

ಮಡಚುವುದೋ, ಪಂಪೋ, ಆಟೋಮ್ಯಾಟಿಕ್ಕೋ?

ದುಡ್ಡು ಉಳಿಯುವುದೂ ದಂಡವಾಗುವುದೂ ಇಲ್ಲಿಯೇ.

ಎಲ್ಲಕ್ಕಿಂತ ಅಗ್ಗ ಒಂಟಿ ನಳಿಗೆಯ ಮಡಚುವ ಕೋವಿ, ಅಂದರೆ ತೋಟಾ ಹಾಕಲು ನಡುವೆ ಮಡಚಿ ತೆರೆಯುವಂಥದ್ದು. ಕೆಡುವುದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ. ಆದರೆ ತೀರ ಹಗುರ, ಹಾಗಾಗಿ ಭುಜಕ್ಕೆ ಜೋರಾಗಿ ಒದೆಯುತ್ತದೆ. ಸ್ಕೀಟ್‌ನಲ್ಲಿ ಎರಡು ತಟ್ಟೆ ಒಟ್ಟಿಗೆ ಹಾರುವಾಗ ಒಂದೇ ಈಡು ಸಾಲದು.

ಒಂದೇ ಕೋವಿಯಲ್ಲಿ ಎಲ್ಲವೂ ಆಗಬೇಕು, ದುಡ್ಡೂ ಕಡಿಮೆ ಅನ್ನುವವರಿಗೆ ಪಂಪ್ ಕೋವಿಯೇ ಸರಿ. ಮುಂದಿನ ಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ಕೈಯಿಂದಲೇ ನಡೆಯುವುದರಿಂದ ಹಗುರ ತೋಟಾ, ಭಾರಿ ತೋಟಾ ಅನ್ನುವ ಭೇದವಿಲ್ಲ. ಈ ಬಗೆಯ ರೆಮಿಂಗ್ಟನ್ 870 ಬಂದದ್ದು 1950ರಲ್ಲಿ. 2009ರಲ್ಲಿ ಅದರ ತಯಾರಿಕೆ ಒಂದು ಕೋಟಿ ಮುಟ್ಟಿತು. ಮಾಸ್‌ಬರ್ಗ್ 500, ಅದೇ ಮನೆತನದ ಇನ್ನೂ ಅಗ್ಗದ ಮೇವರಿಕ್ 88, ವಿಂಚೆಸ್ಟರ್ ಎಸ್‌ಎಕ್ಸ್‌ಪಿ ಇದೇ ಸಾಲಿನವು. ಇವುಗಳ ಬಿಡಿಭಾಗ, ಬೇರೆ ನಳಿಗೆ ಹುಡುಕುವುದು ಕಷ್ಟವಲ್ಲ. ಮಾಸ್‌ಬರ್ಗ್ 500ರ ಸೇಫ್ಟಿ ಗುಂಡಿ ಮೇಲೆ, ಹೆಬ್ಬೆರಳಿನ ಕೆಳಗಿದೆ. ಎಡಗೈಯವರಿಗೂ ಅದು ಅನುಕೂಲ. ಮೇವರಿಕ್‌ನಲ್ಲಿ ಅದು ಟ್ರಿಗರ್ ಪಕ್ಕದಲ್ಲಿದೆ. ಅಂಗಡಿಯಲ್ಲಿ ಎರಡನ್ನೂ ಒತ್ತಿ ನೋಡಿ.

ಸೆಮಿ ಆಟೋಮ್ಯಾಟಿಕ್ ಪ್ರತಿ ಈಡಿನ ನಂತರ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುತ್ತದೆ. ಗ್ಯಾಸ್ ಬಲದಿಂದ ನಡೆಯುವುದರ ಒದೆತ ಮೆತ್ತಗಿರುತ್ತದೆ. ಗಂಟೆಗಟ್ಟಲೆ ತಟ್ಟೆ ಹೊಡೆಯುವವರಿಗೆ ಅದೊಂದು ದೊಡ್ಡ ಸುಖ. ಆದರೆ ಹೊಗೆಯ ಮಸಿ ಕೂರುತ್ತದೆ, ಮತ್ತೆ ಮತ್ತೆ ಬಿಚ್ಚಿ ಒರೆಸಬೇಕು. ಅಗ್ಗದ ಸೆಮಿ ಆಟೋಗಳಲ್ಲಿ ಕೆಲವು 24 ಗ್ರಾಂನ ಹಗುರ ತೋಟಾ ಹಾಕಿದರೆ ಮುಂದಿನದನ್ನು ಸರಿಯಾಗಿ ಏರಿಸಿಕೊಳ್ಳುವುದೇ ಇಲ್ಲ. ಕೊಳ್ಳುವ ಮೊದಲು ನೀವು ಬಳಸುವ ತೋಟಾವನ್ನೇ ಹಾಕಿ ಹೊಡೆದು ನೋಡಲು ಸಾಧ್ಯವೇ ಅಂತ ಕೇಳಿ.

ಮೇಲೆ ಕೆಳಗೆ ಎರಡು ನಳಿಗೆ ಇರುವ ಕೋವಿ ಕ್ರೀಡಾಂಗಣದ ಮೆಚ್ಚಿನದು. ಮಡಚಿ ಹಿಡಿದರೆ ಖಾಲಿ ಇದೆ ಅಂತ ದೂರದಿಂದಲೇ ಎಲ್ಲರಿಗೂ ಕಾಣುತ್ತದೆ, ಎರಡು ನಳಿಗೆಗೆ ಎರಡು ಬೇರೆ ಚೋಕ್ (ಚರೆಯ ಹರಡುವಿಕೆ ನಿರ್ಧರಿಸುವ ನಳಿಗೆ ತುದಿಯ ಬಿಗಿತ) ಇಟ್ಟುಕೊಳ್ಳಬಹುದು. ಆದರೆ ಎರಡು ನಳಿಗೆಯ ಗುರಿ ಒಂದೇ ಕಡೆ ಬೀಳುವಂತೆ ಜೋಡಿಸುವುದು ನಾಜೂಕಿನ ಕೆಲಸ. ಅಗ್ಗಕ್ಕೆ ಮಾಡಿದಾಗ ಮೊದಲು ಕೆಡುವುದೂ ಅದೇ. ಕೈಯಲ್ಲಿ ಕಡಿಮೆ ದುಡ್ಡಿದ್ದರೆ ಹೆಸರೇ ಕೇಳದ ಹೊಸ ಜೋಡಿನಳಿಗೆಗಿಂತ ಹೆಸರಾಂತ ಕಂಪನಿಯ ಹಳೆಯದು ಮೇಲು.

ನಳಿಗೆ, ಚೋಕ್

ಬೇಟೆಗೆ 26ರಿಂದ 28 ಇಂಚು, ತಟ್ಟೆಗೆ 28ರಿಂದ 30. ಮನೆಗೆ 18.5 ಇಂಚು ಸಾಕು, ಕಾನೂನು ಒಪ್ಪಿದರೆ. ಪಂಪ್ ಕೋವಿಯ ಜೊತೆ ಉದ್ದದ್ದೊಂದು, ಗಿಡ್ಡದ್ದೊಂದು ನಳಿಗೆ ಸೇರಿಸಿ ಮಾರುವುದುಂಟು. ಮೂರೂ ಕೆಲಸ ಬೇಕೆನ್ನುವವರಿಗೆ ಅದೇ ಉಳಿತಾಯ.

ನಳಿಗೆಯ ತುದಿಯನ್ನು ತುಸು ಬಿಗಿ ಮಾಡಿ ಚರೆ ಎಷ್ಟು ಹರಡಬೇಕು ಅಂತ ನಿರ್ಧರಿಸುವುದು ಚೋಕ್. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕ್ ನೂರಕ್ಕೆ ಸುಮಾರು 70 ಪಾಲು ಚರೆ ಹಾಕುತ್ತದೆ, ಮಾಡಿಫೈಡ್ 60, ಇಂಪ್ರೂವ್ಡ್ ಸಿಲಿಂಡರ್ 50. ತಿರುಪಿನಿಂದ ಬದಲಿಸುವ ಚೋಕ್ ಇರುವುದನ್ನೇ ಕೊಳ್ಳಿ. ಉಕ್ಕಿನ ಚರೆ ಸೀಸದಂತೆ ಮೆತ್ತಗಿರುವುದಿಲ್ಲ. ಹಳೆಯ ನಳಿಗೆಯ ಫುಲ್ ಚೋಕಿನಲ್ಲಿ ಅದನ್ನು ಹೊಡೆಯಬೇಡಿ.

ಮೈಗೆ ಹೊಂದುತ್ತದೆಯೇ?

ಶಾಟ್‌ಗನ್ನಿಗೆ ರೈಫಲ್ಲಿನಂತೆ ಹಿಂದುಗಡೆ ಗುರಿಕಿಂಡಿ ಇರುವುದಿಲ್ಲ. ನಿಮ್ಮ ಕಣ್ಣೇ ಆ ಗುರಿಕಿಂಡಿ. ಕೆನ್ನೆ ಕೋವಿಯ ಹಿಂಬದಿಯ ಮರದ ಮೇಲೆ ಕೂರುವ ಜಾಗ ಒಂದಿಷ್ಟು ಆಚೀಚೆ ಆದರೂ ಈಡು ತಪ್ಪುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ, ನಾಚಿಕೊಳ್ಳಬೇಡಿ.

ಕೋವಿ ಖಾಲಿ ಇದೆಯೇ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಜನ ಇಲ್ಲದ ಗೋಡೆಯ ಕಡೆ ಒಂದು ಬಿಂದು ಗುರುತಿಸಿ. ಕಣ್ಣು ಮುಚ್ಚಿಕೊಂಡು ಕೋವಿಯನ್ನು ಭುಜಕ್ಕೆ ಏರಿಸಿ, ಕೆನ್ನೆ ಒರಗಿಸಿ. ಈಗ ಕಣ್ಣು ಬಿಡಿ. ತಲೆ ಅಲುಗಿಸದೆ ನಳಿಗೆಯ ಮೇಲಿನ ಪಟ್ಟಿ ನೇರವಾಗಿ, ತುದಿಯ ಮಣಿ ನಡುವೆ ಕಂಡರೆ ಸರಿ. ಹಿಂದಿನ ಲೋಹದ ಭಾಗವಷ್ಟೇ ಕಂಡರೆ ಕೆನ್ನೆ ತೀರ ಕೆಳಗಿದೆ. ಪಟ್ಟಿಯ ಉದ್ದವೆಲ್ಲ ಜಾಸ್ತಿ ಕಂಡರೆ ಕಣ್ಣು ಎತ್ತರದಲ್ಲಿದೆ. ಏರಿಸುವಾಗ ಮರದ ಬುಡ ಕಂಕುಳಿಗೆ ಸಿಕ್ಕಿಕೊಂಡರೆ ಮರ ಉದ್ದವಾಯಿತು. ಟ್ರಿಗರ್ ಕೈಯ ಹೆಬ್ಬೆರಳು ಮೂಗಿಗೆ ತಾಗುವಷ್ಟು ಹತ್ತಿರ ಬಂದರೆ ಗಿಡ್ಡವಾಯಿತು.

ನಿಮ್ಮ ಮೇಲುಗೈ ಕಣ್ಣು ಯಾವುದು ಅನ್ನುವುದೂ ಗೊತ್ತಿರಬೇಕು. ಎರಡೂ ಅಂಗೈ ಚಾಚಿ, ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ವಸ್ತುವನ್ನು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ಮೇಲುಗೈ. ಬಲಗೈಯವರಿಗೆ ಎಡಗಣ್ಣು ಮೇಲಾಗಿದ್ದರೆ ಕೊಳ್ಳುವ ಮೊದಲೇ ತರಬೇತುದಾರರನ್ನು ಕಾಣಿ.

ಹಳೆಯದನ್ನು ಕೊಳ್ಳುವಾಗ

ಕೋವಿ ಖಾಲಿ ಮಾಡಿ, ನಳಿಗೆ ಬಿಚ್ಚಿ ಬೆಳಕಿನ ಕಡೆ ಹಿಡಿದು ಒಳಗೆ ನೋಡಿ. ಗೋಡೆಯ ಮೇಲೆ ನೆರಳಿನ ಉಂಗುರ ಕಂಡರೆ ಅಲ್ಲಿ ಉಬ್ಬಿದೆ ಅಂತ ಅರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ. ತುಕ್ಕಿನ ಗುಳಿ ಇದೆಯೇ ನೋಡಿ. ಮಡಚುವ ಕೋವಿಯಾದರೆ ಮುಂದಿನ ಮರ ತೆಗೆದು, ಮುಚ್ಚಿ, ಅಲ್ಲಾಡಿಸಿ. ಕೀಲು ಲಟಲಟ ಅಂದರೆ ಸವೆದಿದೆ. ತಿರುಪಿನ ತಲೆ ಕಿತ್ತುಹೋಗಿದ್ದರೆ ಯಾರೋ ಗೊತ್ತಿಲ್ಲದವರು ಬಿಚ್ಚಿದ್ದಾರೆ. ಹಿಡಿಯ ಹತ್ತಿರ ಮರ ಸೀಳಿದೆಯೇ ಅಂತ ಉಗುರಿನಿಂದ ಸವರಿ. ನಳಿಗೆಯ ಮೈಮೇಲೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಲೋಹದ ಪಟ್ಟಿ ಸುತ್ತಿ ಬೆಸೆದ ಹಳೇ ಕಾಲದ್ದು. ಇಂದಿನ ತೋಟಾ ಅದಕ್ಕೆ ಬೇಡ.

ಮನೆಯಲ್ಲಿಟ್ಟುಕೊಳ್ಳುವುದಾದರೆ

ಶಾಟ್‌ಗನ್ನಿಗೆ ಗುರಿಯೇ ಬೇಡ, ಕೋಣೆಯ ತುಂಬ ಚರೆ ಹರಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೋಣೆಯಷ್ಟು ದೂರದಲ್ಲಿ ಚರೆ ಹರಡುವುದು ತೀರ ಕಡಿಮೆ. ದೊಡ್ಡ ಚರೆ ತೆಳು ಗೋಡೆ ತೂರಿ ಆಚೆ ಮಲಗಿದವರನ್ನೂ ತಲುಪಬಹುದು. ಹೆಚ್ಚಿನ ಪಂಪ್ ಕೋವಿಗಳಲ್ಲಿ ಸೇಫ್ಟಿ ಟ್ರಿಗರನ್ನಷ್ಟೇ ತಡೆಯುತ್ತದೆ, ಈಡು ಹಾರಿಸುವ ಒಳಗಿನ ಸುತ್ತಿಗೆಯನ್ನಲ್ಲ. ಕೋವಿ ಜೋರಾಗಿ ಬಿದ್ದರೆ ಈಡು ಹಾರಲೂಬಹುದು. ಆದ್ದರಿಂದ ನಳಿಗೆಯಲ್ಲಿ ತೋಟಾ ಬಿಟ್ಟು ಇಡಲೇಬಾರದು. ಕೋವಿ ಬೀಗದ ಕಪಾಟಿನಲ್ಲಿ, ತೋಟಾ ಬೇರೆ ಬೀಗದಲ್ಲಿ. ಮಕ್ಕಳಿರುವ ಮನೆಯಲ್ಲಿ, ಯಾರಾದರೂ ಮನಸ್ಸು ಕುಗ್ಗಿ ಕಷ್ಟದಲ್ಲಿರುವ ಮನೆಯಲ್ಲಿ ಕೋವಿ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಕ್ರೀಡೆಗೆ ಬೇಕಾದರೆ ಕ್ಲಬ್ಬಿನಲ್ಲೇ ಇಡಲು ಆಗುತ್ತದೆಯೇ ಅಂತ ವಿಚಾರಿಸಿ.

ತಂದ ಮೇಲೆ

ಕೈಯಲ್ಲಿದ್ದ ದುಡ್ಡನ್ನೆಲ್ಲ ಕೋವಿಗೇ ಸುರಿಯಬೇಡಿ. ಬೀಗದ ಕಪಾಟು, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಕೆಲವು ಪಾಠ, ಬೇಕಾದಷ್ಟು ತೋಟಾ ಇಷ್ಟಕ್ಕೂ ತೆಗೆದಿಡಿ. 12 ಬೋರಿನ ಸದ್ದು 140 ಡೆಸಿಬಲ್ ಮೀರುತ್ತದೆ. ಒಂದೇ ಈಡಿಗೂ ಕಿವಿ ಕೆಡಬಹುದು.

ಮೊದಲ ತೋಟಾಗಳನ್ನು ತಟ್ಟೆಗಲ್ಲ, ಕಾಗದಕ್ಕೆ ಹೊಡೆಯಿರಿ. ಶೂಟಿಂಗ್ ರೇಂಜಿನಲ್ಲಿ ದೊಡ್ಡ ಕಾಗದ ಕಟ್ಟಿ ನಡುವೆ ಗುರುತು ಹಾಕಿ. 40 ಗಜದಿಂದ ಹೊಡೆದು, ಚರೆ ದಟ್ಟವಾಗಿ ಬಿದ್ದ ಜಾಗಕ್ಕೆ 30 ಇಂಚಿನ ವೃತ್ತ ಎಳೆಯಿರಿ. ವೃತ್ತದ ನಡು ನೀವು ಇಟ್ಟ ಗುರುತಿನ ಮೇಲೆ ಇದೆಯೇ? 110 ಮಿಲಿಮೀಟರ್ ಅಗಲದ ತಟ್ಟೆ ನುಸುಳಿ ಹೋಗುವಷ್ಟು ಖಾಲಿ ಜಾಗ ನಡುವೆ ಉಳಿದಿದೆಯೇ? ಇದನ್ನೇ ಬೇರೆ ಬೇರೆ ಕಂಪನಿಯ ತೋಟಾ ಹಾಕಿ, ಬೇರೆ ಚೋಕ್ ಹಾಕಿ ಮತ್ತೆ ಮಾಡಿ. ಒಂದೇ ಕೋವಿ ಒಂದು ತೋಟಾವನ್ನು ಸಮವಾಗಿ ಹರಡಿ ಇನ್ನೊಂದನ್ನು ಗುಂಪು ಗುಂಪಾಗಿ ಎಸೆಯುವುದು ಆಗ ಕಣ್ಣಿಗೆ ಕಾಣುತ್ತದೆ. ಚೆನ್ನಾಗಿ ಬಿದ್ದ ಕಾಗದದ ಮೇಲೆ ತೋಟಾದ ಹೆಸರು, ಚರೆಯ ನಂಬರ್, ಚೋಕ್ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ತೋಟಾ ಕೊಳ್ಳಿ.