ಉಪ್ಪಿನ ಡಬ್ಬಿ ಒಲೆ ಪಕ್ಕ ಬೇಡ, ಸೊಪ್ಪು ಸುಮ್ನೆ ಅದ್ದಿ ತೆಗೆದರೆ ಸಾಲದು

ಗಂಗಾವತಿ ಕಡೆಯ ಅಕ್ಕ-ತಂಗಿಯರೇ, ಅಯೋಡಿನ್ ಅಂದರೆ ಮೈಗೆ ಚೂರೇ ಚೂರು ಬೇಕಾದ, ಆದರೆ ಬೇಕೇ ಬೇಕಾದ ಪೋಷಕಾಂಶ. ಅದು ಸಮುದ್ರದ ಮೀನಿನಲ್ಲಿ ಚೆನ್ನಾಗಿರುತ್ತದೆ, ಆದರೆ ನಮಗೆ ಸಮುದ್ರ ದೂರ. ಡ್ಯಾಂ ಮೀನು ಸಿಗುತ್ತದೆ, ಆದರೆ ಸಿಹಿನೀರಿನ ಮೀನಿನಲ್ಲಿ ಅಯೋಡಿನ್ ಕಡಿಮೆ. ಹಾಲು, ಮೊಸರು, ಮೊಟ್ಟೆಯಿಂದ ಒಂದಿಷ್ಟು ಬರುತ್ತದೆ. ಉಳಿದದ್ದಕ್ಕೆ ಅಯೋಡಿನ್ ಉಪ್ಪೇ ಗತಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಬಸುರಿಯರಿಗೆ 250. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಇದು ಬೇಕೇ ಬೇಕು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ಯಾಕೆಟ್ ಮೇಲೆ ನಗುವ ಸೂರ್ಯನ ಗುರುತು ನೋಡಿ ತನ್ನಿ. ಸೈಂಧವ ಲವಣ, ಬಿಡಿ ಹರಳುಪ್ಪು ಒಳ್ಳೆಯದು ಅಂತ ಬಳಸುವವರು ಜಾಸ್ತಿಯಾಗಿದ್ದಾರೆ. ಅವುಗಳಲ್ಲಿ ಸಾಮಾನ್ಯವಾಗಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ನಮ್ಮ ಮನೆಯಲ್ಲಿ ಡಬ್ಬಿ ಒಲೆ ಪಕ್ಕದಲ್ಲೇ ಬಾಯಿ ತೆರೆದು ಇರುತ್ತಿತ್ತು, ಉಪ್ಪು ಒದ್ದೆಯಾಗಿ ಗಟ್ಟಿಯಾಗುತ್ತಿತ್ತು. ಬಿಸಿ, ತೇವಕ್ಕೆ ಅಯೋಡಿನ್ ಕಡಿಮೆಯಾಗುತ್ತದೆ. ಈಗ ಬಿಗಿ ಮುಚ್ಚಳದ ಡಬ್ಬಿ, ಸಾರು ಇಳಿಸುವ ಹೊತ್ತಿಗೆ ಉಪ್ಪು. ಹಾಗಂತ ಉಪ್ಪು ಜಾಸ್ತಿ ತಿನ್ನಬೇಡಿ. ಥೈರಾಯ್ಡ್ ಇದ್ದವರು ಡಾಕ್ಟರನ್ನು ಕೇಳಿ.

ಇನ್ನು ಸೊಪ್ಪು. ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ ತಿನ್ನುವವರು ನಾವು, ಅಲ್ವಾ? ಬುಡ ಕತ್ತರಿಸಿ, ಎಲೆ ಬಿಡಿಸಿ, ದೊಡ್ಡ ಬೋಗುಣಿ ನೀರಲ್ಲಿ ಅಲ್ಲಾಡಿಸಿ. ಮೊದಲು ಸೊಪ್ಪು ಮೇಲೆತ್ತಿ, ಆಮೇಲೆ ನೀರು ಚೆಲ್ಲಿ. ಹಾಗೇ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೇ ಅಂಟುತ್ತದೆ. ಮೂರು ಸಲ ಮಾಡಿ. ಕೊನೆಯ ಸಲ ಕುಡಿಯುವ ನೀರೇ ಇರಲಿ, ಕಾಲುವೆ ನೀರು ಬೇಡವೇ ಬೇಡ. ಸವತಿಕಾಯಿ, ಟೊಮೆಟೊ ನಲ್ಲಿ ಕೆಳಗೆ ಹಿಡಿದು ಕೈಯಿಂದ ಚೆನ್ನಾಗಿ ಉಜ್ಜಿ. ಬೆಳೆಗೆ ಹೊಡೆದ ಕೀಟದ ಔಷಧಿ ಮೇಲಿದ್ದದ್ದು ಸ್ವಲ್ಪ ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಸೋಪು ಮಾತ್ರ ಹಚ್ಚಬೇಡಿ.